ಹಪ್ಪಳದ ಕಂಪನಿಯಲ್ಲೊಂದು ಬಲಿದಾನ

ಹತ್ತೊಂಬತ್ತು ವರ್ಷಗಳಿಂದ ಸಂಪತ್ ಕುಮಾರನನ್ನು ಕಾಡುತ್ತಿದ್ದ ಕೊರಗು ಒಂದೇ. ಅವನು ಸುಧೀಂದ್ರನಿಗೆ ಭಾವಮೈದುನನಾಗಿರಲಿಲ್ಲ. ಆಗುವುದಕ್ಕೆ ಅವನಿಗೆ ಅಕ್ಕತಂಗಿಯರೇ ಇರಲಿಲ್ಲ. (ಇದು ಅವನ ತಾಯಿ ಅವನಿಗೆ ಮಾಡಿದ ಮೊದಲನೆಯ ಅನ್ಯಾಯ.)

ಮದ್ದೂರಿನಿಂದ ವೈದ್ಯನಾಥಪುರದ ಕಡೆ ಹೋಗುವ ರಸ್ತೆಯಲ್ಲಿ 'ಸುಧಾಪ್ರಿಯ ಹೋಮ್ ಫುಡ್ಸ್' ಎಂಬ ಕಂಪನಿಯಿತ್ತು. ಹಪ್ಪಳ, ಸಂಡಿಗೆ, ಚಟ್ನಿಪುಡಿ. ಯಜಮಾನ ಸುಧೀಂದ್ರ, ಅವನ ಹೆಂಡತಿ ಪ್ರಿಯಂವದಾ. ಎರಡೂ ಹೆಸರನ್ನು ಕಲಸಿ ನಾದಿ ಲಟ್ಟಿಸಿದಾಗ ಬಂದದ್ದು ಸುಧಾಪ್ರಿಯ. ಸಂಪತ್ ಕುಮಾರ ಅಲ್ಲಿ ಸ್ಟೋರ್ ಕೀಪರ್. ಉದ್ದಿನಹಿಟ್ಟು ಎಷ್ಟು ಮೂಟೆ ಬಂತು, ಮೆಣಸು ಯಾವ ಮೂಲೆಯಲ್ಲಿದೆ, ಇಂಗಿನ ಡಬ್ಬದ ಬೀಗದ ಕೈ ಯಾರ ಹತ್ತಿರವಿದೆ ಎಂಬುದೆಲ್ಲ ಅವನ ತಲೆಯಲ್ಲಿತ್ತು. ಕಾಗದದಲ್ಲಿ ಅಷ್ಟಾಗಿ ಇರಲಿಲ್ಲ.

ಮಾರ್ಕೆಟಿಂಗ್ ಮ್ಯಾನೇಜರು ಯಜಮಾನನ ಭಾವಮೈದುನ. ಅವನ ಮಾರ್ಕೆಟ್ಟು ಮದ್ದೂರಿನ ಬಸ್ ಸ್ಟ್ಯಾಂಡನ್ನು ಎಂದೂ ದಾಟಿರಲಿಲ್ಲ. ಕ್ವಾಲಿಟಿ ಕಂಟ್ರೋಲಿಗೆ ಷಡ್ಡಕ. ದಿನಕ್ಕೆ ನಲವತ್ತು ಹಪ್ಪಳ ಕರಿಸಿಕೊಂಡು ತಿನ್ನುತ್ತಿದ್ದ. ಕ್ವಾಲಿಟಿ ನೋಡುತ್ತಿದ್ದದ್ದು ನಿಜ, ಕಂಟ್ರೋಲು ಮಾತ್ರ ಇರಲಿಲ್ಲ. ಮುಖ್ಯ ಸಲಹೆಗಾರರು ಸೋದರಮಾವ. ಸಲಹೆ ಬೇಕಾದವರು ಮೊದಲು ಅವರನ್ನು ಎಬ್ಬಿಸಬೇಕಾಗಿತ್ತು. ಹೀಗೆ ಒಟ್ಟು ಹನ್ನೊಂದು ಮಂದಿ ನೆಂಟರು. "ನಮ್ಮದು ಕಂಪನಿಯಲ್ಲ, ಒಂದು ಕುಟುಂಬ" ಎಂದು ಸುಧೀಂದ್ರ ಪ್ರತಿ ಆಯುಧಪೂಜೆಯ ದಿನವೂ ಭಾಷಣ ಮಾಡುತ್ತಿದ್ದ. ಪಾಪ, ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಈ ಸಂಕಟವನ್ನೆಲ್ಲ ಸಂಪತ್ ಕುಮಾರ ಸಂಜೆ ಮಂಡ್ಯದ ಮನೆಗೆ ತಂದು ಹೆಂಡತಿಯ ಮುಂದೆ ಸುರಿಯುತ್ತಿದ್ದ. ಅವನ ಶ್ರೀಮತಿಯ ಹೆಸರು ಶ್ರೀಮತಿ. ಲಗ್ನಪತ್ರಿಕೆಯಲ್ಲಿ 'ಚಿ. ಸೌ. ಶ್ರೀಮತಿ' ಎಂದು ಅಚ್ಚಾಗಿದ್ದದ್ದನ್ನು ನೋಡಿ, ಹುಡುಗಿಗೆ ಆಗಲೇ ಮದುವೆಯಾಗಿದೆಯಾ ಎಂದು ಕೇಳಿದವರಿದ್ದರು. ಮಳವಳ್ಳಿಯ ಹುಡುಗಿ, ಬಿ.ಕಾಂ. ಫಸ್ಟ್ ಕ್ಲಾಸ್. ಆ ಫಸ್ಟ್ ಕ್ಲಾಸನ್ನು ಇಪ್ಪತ್ತೈದು ವರ್ಷ ಹಾಲಿನವನ ಚೀಟಿ ನೋಡುವುದಕ್ಕಷ್ಟೇ ಬಳಸಿದ್ದಳು.

"ಇದಕ್ಕೆ ಸ್ವಜನ ಪಕ್ಷಪಾತ ಅಂತಾರೆ ಕಣೇ," ಎಂದು ಇವನು ಗುಡುಗುತ್ತಿದ್ದ.

"ಅಂತಾರೇನೋ. ಆ ಬೀನ್ಸು ಇತ್ತ ಕೊಡಿ. ನೀವು ನಾರು ತೆಗೀತಿಲ್ಲ, ಬರೀ ಮುರೀತಾ ಇದೀರಿ."

ಇಂಥ ಸ್ಥಿತಿಯಲ್ಲಿ ಒಂದು ಸೋಮವಾರ ಸುಧೀಂದ್ರ ಎಲ್ಲರನ್ನೂ ಪ್ಯಾಕಿಂಗ್ ಹಾಲಿಗೆ ಕರೆಸಿದ. ಮಾರ್ಕೆಟ್ ಡಲ್ ಇದೆ, ಎಣ್ಣೆ ರೇಟು ಏರಿದೆ, ಎದೆ ಕಲ್ಲು ಮಾಡಿಕೊಂಡು ಒಂದು ತಲೆ ಕಡಿಮೆ ಮಾಡಬೇಕಾಗಿದೆ ಎಂದ. ಯಾರಾದರೂ ಸ್ವಇಚ್ಛೆಯಿಂದ ಲೇ-ಆಫ್ ತೆಗೆದುಕೊಂಡರೆ ಮೂರು ತಿಂಗಳ ಸಂಬಳ ಮತ್ತು ಗೌರವಪೂರ್ವಕ ಬೀಳ್ಕೊಡುಗೆ. ಶುಕ್ರವಾರದೊಳಗೆ ಯಾರೂ ಮುಂದೆ ಬರದಿದ್ದರೆ, ಎಂದು ಮಾತು ನಿಲ್ಲಿಸಿ ಹೆಂಡತಿಯ ಮುಖ ನೋಡಿದ. ಹೆಚ್‌ಆರ್ ಹೆಡ್ಡೂ ಆಗಿದ್ದ ಪ್ರಿಯಂವದಾ ಕೈಯಲ್ಲಿದ್ದ ಹಾಳೆ ನೋಡಿ ಓದಿದಳು: "ಚಿಕ್ಕಮಾದಮ್ಮ."

ಚಿಕ್ಕಮಾದಮ್ಮ ಅಲ್ಲಿ ಹಪ್ಪಳ ಲಟ್ಟಿಸುವ ಹೆಂಗಸರ ಹಿರಿಯಳು. ಹೊಳಲು ಊರಿನವಳು. ಕಂಪನಿ ಶುರುವಾದ ದಿನ ಮೊದಲ ಹಪ್ಪಳ ಲಟ್ಟಿಸಿದ್ದು ಅವಳ ಕೈಯೇ. ಅವಳು ಸೀರೆಯ ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಂಡು ಪಕ್ಕದಲ್ಲಿದ್ದ ಸಂಪತ್ ಕುಮಾರನನ್ನು ಕೇಳಿದಳು.

"ಅದೇನ್ ಸಾಮಿ ಲೇ-ಆಫು ಅಂದ್ರೆ? ಈವಯ್ಯ ನಮ್ಮನ್ನ 'ಲೇ' ಅನ್ನೋದು ಮೊದ್ಲಿಂದ್ಲೂ ಇದ್ದದ್ದೇಯ. ಈ 'ಆಫು' ಯಾವಾಗ್ಲಿಂದ ಬಂತು?"

ಸಂಪತ್ ಕುಮಾರ ಅರ್ಥ ಹೇಳಿದ.

"ನಮ್ ಮೊಮ್ಮಗ್ಳು ವೀಣಂದು ನರ್ಸಿಂಗು ಇನ್ನೊಂದ್ ವರ್ಸ ಅದೆ ಕಣ್ ಸಾಮಿ," ಎಂದಳು. ಅಷ್ಟೇ ಎಂದು ಹೋಗಿ ಮತ್ತೆ ಲಟ್ಟಣಿಗೆ ಹಿಡಿದಳು.

ಸಂಪತ್ ಕುಮಾರ ಲೆಕ್ಕ ಹಾಕಿದ. ಹನ್ನೊಂದು ತಲೆಗಳು ಎಣ್ಣೆ ಹಚ್ಚಿ ಬಾಚಿಕೊಂಡು ಕುರ್ಚಿಯಲ್ಲಿ ಕೂತಿವೆ. ತೆಗೆಯುವುದಕ್ಕೆ ಸಿಕ್ಕಿದ್ದು ಈ ತಲೆಯೇ? ಅಂದು ಸಂಜೆ ಮಂಡ್ಯಕ್ಕೆ ಬರುವ ಪ್ಯಾಸೆಂಜರ್ ರೈಲಿನಲ್ಲಿ ಅವನ ಮಸ್ತಿಷ್ಕದಲ್ಲಿ ಒಂದು ದಿವ್ಯ ಜ್ಯೋತಿ ಬೆಳಗಿತು. ಪಕ್ಕದಲ್ಲಿ ಕಂಪನಿಯ ಮೆಕ್ಯಾನಿಕ್ ಅಕ್ರಂ ಪಾಷಾ ಕೂತಿದ್ದ. ಇಬ್ಬರೂ ಮಂಡ್ಯದವರು, ವರ್ಷಗಳ ರೈಲು ಸ್ನೇಹ.

"ಪಾಷಾ, ನಾನೇ ಸ್ವಇಚ್ಛೆಯಿಂದ ಹೋಗ್ತೀನಿ ಅಂತ ಬರೆದುಕೊಡ್ತೀನಿ."

"ತಲೆ ನೆಟ್ಟಗದಾ ಸಾರ್?"

"ಪೂರ್ತಿ ಕೇಳು. ನಾನು ಹೋದರೆ ಸ್ಟೋರಿನ ಗತಿ ಏನು? ಸುಧೀಂದ್ರ ಗಡಗಡ ನಡುಗಿಬಿಡ್ತಾನೆ. 'ಅಯ್ಯೋ ಸಂಪತ್ ಅವರೇ, ನೀವು ಹೋಗಬೇಡಿ, ನಮ್ಮ ಷಡ್ಡಕನ್ನೇ ಕಳಿಸ್ತೀನಿ' ಅಂತ ಕೈ ಹಿಡ್ಕೊಳ್ತಾನೆ. ಚಿಕ್ಕಮಾದಮ್ಮ ಉಳೀತಾಳೆ, ಒಬ್ಬ ನೆಂಟ ತೊಲಗ್ತಾನೆ, ನನ್ನ ಬೆಲೆ ಏನು ಅಂತಲೂ ಎಲ್ಲರಿಗೂ ಗೊತ್ತಾಗುತ್ತೆ."

ಅಕ್ರಂ ಪಾಷಾ ಒಪ್ಪಲಿಲ್ಲ. "ನಾನು ಮಿಸಿನ್ ಕೆಲ್ಸದೋನು ಸಾರ್. ಓಡ್ತಿರೋ ಮಿಸಿನ್ನ ಸುಮ್ಕೆ ಪರೀಕ್ಸೆಗೆ ಅಂತ ಆಫ್ ಮಾಡಬಾರ್ದು. ಆಮೇಲೆ ಆನ್ ಆಗಾಕಿಲ್ಲ. ಮೊದ್ಲು ಮನೇಲಿ ಅಮ್ಮಾರ್ನ ಒಂದ್ ಮಾತು ಕೇಳಿ."

ಹೆಂಡತಿಯನ್ನು ಕೇಳಿ ಬಲಿದಾನ ಮಾಡಿದವರು ಯಾರಾದರೂ ಇದ್ದಾರೆಯೇ? ಸಂಪತ್ ಕುಮಾರ ಕೇಳಲಿಲ್ಲ. ಗುರುವಾರ ಇಡೀ ದಿನ ಸ್ಟೋರಿನ ಮೂಟೆಗಳ ಮರೆಯಲ್ಲಿ ಕೂತು ಕಾಗದ ಬರೆದ. 'ಬಡ ಶ್ರಮಜೀವಿಯೊಬ್ಬಳ ಅನ್ನದ ಬಟ್ಟಲನ್ನು ಕಸಿಯುವ ಬದಲು ಈ ಸೇವಕನ ಶಿರವನ್ನೇ ಸ್ವೀಕರಿಸಬೇಕೆಂದು' ಎಂಬ ಸಾಲನ್ನು ತಾನೇ ಮೂರು ಸಲ ಓದಿಕೊಂಡ.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಕಾಗದ ಕೊಟ್ಟ. ಸುಧೀಂದ್ರ ಓದಿದ. ಎರಡನೆಯ ಸಲ ಓದಿದ. ಕನ್ನಡಕ ತೆಗೆದ. ಕಣ್ಣಲ್ಲಿ ನೀರಿತ್ತು! ಸಂಪತ್ ಕುಮಾರ ಕೈ ಹಿಡಿಸಿಕೊಳ್ಳುವುದಕ್ಕೆ ಅನುಕೂಲವಾಗಲೆಂದು ತನ್ನ ಬಲಗೈಯನ್ನು ಮೇಜಿನ ಮೇಲೆ ಸ್ವಲ್ಪ ಮುಂದಕ್ಕಿಟ್ಟ.

ಸುಧೀಂದ್ರ ಕೈಯನ್ನೇನೋ ಹಿಡಿದ. "ಸಂಪತ್ ಅವರೇ, ನಿಮ್ಮಂಥ ದೊಡ್ಡ ಮನಸ್ಸನ್ನ ನಾನು ನೋಡೇ ಇಲ್ಲ. ಇಂಥ ತ್ಯಾಗಕ್ಕೆ ಬೇಡ ಅನ್ನೋದು ನಿಮಗೆ ಅವಮಾನ ಮಾಡಿದ ಹಾಗೆ. ಪ್ರಿಯಾ, ಶಾಲು ತರಿಸು."

ಮೇಜಿನ ಮೇಲಿದ್ದ ಕಾಫಿಗೆ ಇನ್ನೂ ಕೆನೆ ಕಟ್ಟಿರಲಿಲ್ಲ.

"ಸಾರ್, ಸ್ಟೋರು..." ಎಂದ ಸಂಪತ್ ಕುಮಾರ.

"ಅದರ ಚಿಂತೆ ನಿಮಗೆ ಬೇಡವೇ ಬೇಡ. ನಮ್ಮ ಷಡ್ಡಕ ನೋಡ್ಕೋತಾನೆ."

ಅರ್ಧ ಗಂಟೆಯಲ್ಲಿ ಸಂಪತ್ ಕುಮಾರನ ಹೆಗಲ ಮೇಲೆ ಶಾಲು, ತಲೆಯ ಮೇಲೆ ಮೈಸೂರು ಪೇಟ, ಕೈಯಲ್ಲಿ ಅದೇ ಕಂಪನಿಯ ಹಪ್ಪಳದ ಬುಟ್ಟಿ. ಭಾವಮೈದುನ ಮೊಬೈಲಿನಲ್ಲಿ ಫೋಟೋ ತೆಗೆದು ಆಗಲೇ ಕಂಪನಿಯ ಪೇಜಿಗೆ ಹಾಕಿಬಿಟ್ಟ. ಅವನು ಹತ್ತು ವರ್ಷದಲ್ಲಿ ಬೇಗ ಮಾಡಿದ ಕೆಲಸ ಅದೊಂದೇ. ಸೋದರಮಾವ ಎಚ್ಚರಗೊಂಡು, ಯಾರ ಮದುವೆ ಎಂದು ತಿಳಿಯದಿದ್ದರೂ ಚಪ್ಪಾಳೆ ತಟ್ಟಿದರು.

ಹೊರಗೆ ಬಂದಾಗ ಗೇಟಿನ ಬಳಿ ಚಿಕ್ಕಮಾದಮ್ಮ ನಿಂತಿದ್ದಳು. ಅವನಿಗಿಂತ ಹತ್ತು ವರ್ಷ ದೊಡ್ಡವಳು, ಬಗ್ಗಿ ಕಾಲು ಮುಟ್ಟಿಬಿಟ್ಟಳು.

"ಏನ್ ಮಾಡ್ಬುಟ್ರಿ ಸಾಮಿ! ನಮ್ಮಣ್ಣನೂ ನಂಗಿಷ್ಟು ಮಾಡ್ಲಿಲ್ವಲ್ಲ. ನಿಮ್ ಹೆಸ್ರು ಹೇಳ್ಕೊಂಡ್ ದೀಪ ಅಚ್ತೀನಿ ಕಣ್ ಸಾಮಿ."

ಸಂಪತ್ ಕುಮಾರನಿಗೆ ನಿಜವಾಗಿ ನಾಚಿಕೆಯಾದದ್ದು ಆಗ. ಈ ತ್ಯಾಗದಲ್ಲಿ ಅವನು ಕೊಡಬೇಕೆಂದುಕೊಂಡದ್ದು ಒಂದು ಕಾಗದ ಮಾತ್ರ, ಕೆಲಸ ಅಲ್ಲ ಎಂದು ಅವಳಿಗೆ ಹೇಗೆ ಹೇಳುವುದು? "ಇರಲಿ ಏಳಮ್ಮ, ಏಳು" ಎಂದವನೇ ಪೇಟ ಸರಿ ಮಾಡಿಕೊಂಡು ಆಟೋ ಹತ್ತಿದ.

ಮಧ್ಯಾಹ್ನ ಒಂದೂವರೆಗೇ ಬಾಗಿಲಲ್ಲಿ ನಿಂತ ಗಂಡನನ್ನು ಶ್ರೀಮತಿ ಪಾದದಿಂದ ಪೇಟದವರೆಗೆ ನೋಡಿದಳು.

"ಏನ್ರೀ ಇದು? ಯಾವ ಸಂಸ್ಥಾನ ಸಿಕ್ತು?"

ಅವನು ಹೇಳಿದ. ಶ್ರಮಜೀವಿ, ಅನ್ನದ ಬಟ್ಟಲು, ಶಿರ, ಎಲ್ಲವನ್ನೂ ಹೇಳಿದ. ಅವಳು ಒಂದೇ ಮಾತು ಕೇಳಿದಳು.

"ಕೆಲಸ ಇದೆಯೋ ಇಲ್ವೋ?"

"ನೋಡು ಶ್ರೀಮತಿ, ವಿಷಯ ಅದಲ್ಲ. ತತ್ವ..."

"ಇಲ್ಲ ಅನ್ನಿ ಮತ್ತೆ."

"ಒಂದು ಹೆಂಗಸಿನ ಜೀವನ ಉಳೀತು ಕಣೇ."

"ಸಂತೋಷ. ಇನ್ನೊಂದು ಹೆಂಗಸು ಈ ಮನೇಲೂ ಇದಾಳೆ, ಗಮನಕ್ಕೆ ಬಂದಿತ್ತಾ? ಅಲ್ರೀ, ಹೋಟೆಲಲ್ಲಿ ಬಿಲ್ ಕೊಡೋ ವಿಷಯದಲ್ಲಿ 'ನಾನು ಕೊಡ್ತೀನಿ' ಅಂತ ನೀವು ಯಾವತ್ತಾದ್ರೂ ಎದ್ದಿದ್ದೀರಾ? ಎಲ್ಲಾ ಬಿಟ್ಟು ಇದಕ್ಕೆ ಯಾಕೆ ಎದ್ರಿ?"

"ಬೇಡ ಅಂತಾನೆ ಅಂದುಕೊಂಡಿದ್ದೆ," ಎಂದ ಅವನು ಸಣ್ಣ ದನಿಯಲ್ಲಿ. ಅದೊಂದೇ ಅವತ್ತು ಅವನು ಆಡಿದ ನಿಜ.

ಶ್ರೀಮತಿ ಅವನ ತಲೆಯಿಂದ ಪೇಟ ತೆಗೆದಿಟ್ಟು, "ನಾಳೆ ನಾನು ಮದ್ದೂರಿಗೆ ಹೋಗ್ತೀನಿ" ಎಂದಳು.

"ನಾನೂ ಬರ್ತೀನಿ."

"ನೀವು ದಯವಿಟ್ಟು ಮನೇಲಿರಿ. ಬಂದ್ರೆ ಇನ್ನೇನಾದ್ರೂ ತ್ಯಾಗ ಮಾಡಿಬಿಡ್ತೀರಿ."

ಶನಿವಾರ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಹೋದವಳು ಸಂಜೆ ಐದಕ್ಕೆ ಬಂದಳು. ಮುಖದಲ್ಲಿ ಕಳೆ, ಮುಡಿಯಲ್ಲಿ ಹೊಸ ಮಲ್ಲಿಗೆ, ತಾಂಬೂಲದ ಚೀಲದಲ್ಲಿ ಕುಪ್ಪಸದ ಕಣ. ಸಂಪತ್ ಕುಮಾರ ಬಾಗಿಲಲ್ಲೇ ಕಾದಿದ್ದ.

"ಏನಾಯ್ತು?"

"ಒಳಗೆ ಕೂತ್ಕೋಬಹುದಾ? ಪ್ರಿಯಂವದಾ ಎಷ್ಟು ಒಳ್ಳೆ ಹುಡುಗಿ ರೀ! ಮಾತಿಗೆ ಮಾತು ಬಂತು. ನಿಮ್ಮ ತೌರು ಯಾವುದಮ್ಮ ಅಂದೆ. ಅವಳ ಅಜ್ಜಿ ಬೆಳಕವಾಡಿಯ ಕಡೆಯವರಂತೆ. ನಮ್ಮಮ್ಮನ ಸೋದರತ್ತೆಯನ್ನ ಕೊಟ್ಟಿದ್ದು ಬೆಳಕವಾಡಿಗೇ ಅಲ್ವಾ? ಯಾವ ಮನೆ ಅಂದೆ. ಅದೇ ಮನೆ! ಅವರ ಮಗಳೇ ಇವಳ ಅಜ್ಜಿ. ಸಂಬಂಧ ಹಿಡಿದು ನೋಡಿದ್ರೆ ನಾನು ಅವಳಿಗೆ ಚಿಕ್ಕಮ್ಮ ಆಗ್ಬೇಕು. ಎದ್ದು ನಮಸ್ಕಾರ ಮಾಡಿದ್ಲು ಮಗು."

ಸಂಪತ್ ಕುಮಾರ ಕುರ್ಚಿಯ ಕೈ ಹಿಡಿದುಕೊಂಡ. "ಅಂದರೆ ನಾನು ಅವಳಿಗೆ..."

"ಚಿಕ್ಕಪ್ಪ."

"ಹತ್ತೊಂಬತ್ತು ವರ್ಷದಿಂದ?"

"ನಮ್ಮ ಮದುವೆ ಆದಾಗಿನಿಂದ್ಲೇ ಅನ್ನಿ. ನೀವು ಒಂದು ದಿನಾನಾದ್ರೂ ಯಾವೂರು, ಯಾರ ಮನೆ ಅಂತ ಕೇಳಿದ್ರಾ? ಬರೀ ಇಂಗಿನ ಡಬ್ಬ ಕಾಯ್ಕೊಂಡು ಕೂತ್ರಿ."

ಹತ್ತೊಂಬತ್ತು ವರ್ಷ! ಹಬ್ಬದ ಮುಂಗಡ ಕೇಳುವಾಗ ಬಾಗಿಲ ಹೊರಗೆ ನಿಂತದ್ದು, ಎರಡು ದಿನದ ರಜೆಗೆ ಇಲ್ಲದ ಜ್ವರ ತರಿಸಿಕೊಂಡದ್ದು, ಷಡ್ಡಕ ತಿಂದು ಬಿಟ್ಟ ಹಪ್ಪಳದ ಚೂರು ಗುಡಿಸಿದ್ದು ಎಲ್ಲವೂ ಅವನ ಕಣ್ಣ ಮುಂದೆ ಮೆರವಣಿಗೆ ಹೋದವು. ಆದರೂ ಸಾವರಿಸಿಕೊಂಡು ಕೇಳಿದ.

"ಕೆಲಸ?"

"ಸಿಕ್ತು."

"ಅಬ್ಬ! ಸೋಮವಾರದಿಂದಲೇನಾ?"

"ಹೂಂ. ಎಂಟೂ ಇಪ್ಪತ್ತರ ರೈಲಿಗೆ ಹೋಗ್ಬೇಕು. ನನ್ನ ಡಬ್ಬಿಗೆ ಚಿತ್ರಾನ್ನ ಮಾಡಿಬಿಡಿ, ಸಾಕು."

"ನಿನಗಾ?"

"ಮತ್ತೆ? ನಿಮ್ಮನ್ನ ವಾಪಸ್ ತಗೊಳ್ಳೋದು ಹೇಗೆ? ಶಾಲು ಹೊದಿಸಿ ಆಗಿದೆ, ಫೋಟೋ ಹಾಕಿ ಆಗಿದೆ, ನಾನೂರು ಜನ ಲೈಕ್ ಕೊಟ್ಟಿದ್ದಾರೆ. ಷಡ್ಡಕ ನಿನ್ನೆ ಸ್ಟೋರಿನ ಬೀಗದ ಕೈಯನ್ನ ಹಿಟ್ಟಿನ ಮೂಟೇಲಿ ಕಳೆದಿದ್ದಾನೆ. ಚಿಕ್ಕಮ್ಮ, ನೀವು ಬಿ.ಕಾಂ. ಅಲ್ವಾ, ನೀವೇ ಬನ್ನಿ ಅಂತ ಪ್ರಿಯಂವದಾ ಕೈ ಹಿಡ್ಕೊಂಡ್ಲು."

"ಒಂದು ತಲೆ ಕಡಿಮೆ ಮಾಡ್ಬೇಕು ಅಂತಿದ್ರಲ್ಲ!"

"ಮಾಡಿದ್ರಲ್ಲ, ನಿಮ್ದು. ನಾನು ತಲೆ ಅಲ್ಲ ರೀ, ಮನೆಯವಳು."

ಸಂಪತ್ ಕುಮಾರ ಎದ್ದು ನಿಂತ. ಇದು ಅಪ್ಪಟ ಸ್ವಜನ ಪಕ್ಷಪಾತ, ಇಂಥ ಅನ್ನವನ್ನು ತಾನು ಮುಟ್ಟುವುದಿಲ್ಲ ಎಂದು ಘೋಷಿಸಿದ. ಶ್ರೀಮತಿ ಸರಿ ಎಂದಳು. ಸೋಮವಾರದಿಂದ ಆ ಅನ್ನವನ್ನು ಅವನೇ ಮಾಡಬೇಕಾಗಿ ಬಂದದ್ದರಿಂದ ಮುಟ್ಟದೆ ಬೇರೆ ದಾರಿ ಇರಲಿಲ್ಲ.

ಅಲ್ಲಿಂದ ಮುಂದೆ ಅವನ ಬದುಕು ಕುಕ್ಕರಿನ ಕೂಗಿನಲ್ಲಿ ಅಳೆಯುವಂತಾಯಿತು. ಮೊದಲ ವಾರ ಹುಳಿಗೆ ಉಪ್ಪು ಎರಡು ಸಲ, ಎರಡನೆಯ ವಾರ ಒಂದು ಸಲವೂ ಇಲ್ಲ. ಮೂರನೆಯ ವಾರ ತರಕಾರಿಯ ಸೋಮಮ್ಮ ಅವನನ್ನು ನೋಡಿದ ಕೂಡಲೇ ಬಾಡಿದ ಬದನೆಕಾಯಿಯ ಬುಟ್ಟಿಯನ್ನು ಮುಂದಕ್ಕೆ ತಳ್ಳತೊಡಗಿದಳು. ಇವನೂ ಕೊಳ್ಳತೊಡಗಿದ.

ಭಾನುವಾರಗಳಂದು ಅಕ್ರಂ ಪಾಷಾ ಬಂದು ಕಂಪನಿಯ ಸುದ್ದಿ ಹೇಳುತ್ತಿದ್ದ. ಆ ಸುದ್ದಿಗಳು ಸಂಪತ್ ಕುಮಾರನಿಗೆ ಬದನೆಕಾಯಿಗಿಂತ ಕಹಿಯಾಗಿದ್ದವು.

"ಏನ್ ಅಮ್ಮಾರು ಸಾರ್ ಅವ್ರು! ಷಡ್ಡಕಪ್ಪನ ಮುಂದೆ ಹೋಗಿ ನಿಂತ್ಕೊಂಡು, 'ಏನಪ್ಪಾ, ಇಷ್ಟೊಂದು ಕರಿದಿದ್ದು ತಿಂದ್ರೆ ನಿನ್ನ ಹೆಂಡ್ತಿ ಗತಿ ಏನು, ನಾಳೆಯಿಂದ ಲೋಡಿಂಗ್ ನೋಡ್ಕೋ, ಮೈ ಬಗ್ಗುತ್ತೆ' ಅಂದ್ಬುಟ್ರು. ಅವನು ಹೂಂ ಚಿಕ್ಕಮ್ಮ ಅಂದು ಮೂಟೆ ಹೊತ್ತ. ಭಾವಮೈದುನಂಗೆ ಹಾಸನ, ಚಾಮರಾಜನಗರ ಸುತ್ತಿಸ್ತಾವ್ರೆ. ಆರ್ಡರ್ ತತ್ತಾವ್ನೆ ಸಾರ್!"

"ನಾನು ಹೇಳಿದ್ದಿದ್ರೆ?"

"ನೀವು ಹೇಳಿದ್ರೆ ಕಂಪ್ಲೇಂಟ್ ಆಯ್ತದೆ. ಚಿಕ್ಕಮ್ಮ ಹೇಳಿದ್ರೆ ಬುದ್ಧಿಮಾತು. ಅಷ್ಟೇ ವ್ಯತ್ಯಾಸ."

ನಾಲ್ಕು ತಿಂಗಳಲ್ಲಿ ಹನ್ನೊಂದು ಜನರಲ್ಲಿ ಆರು ಮಂದಿ ಕೆಲಸ ಕಲಿತರು, ಐವರು ಕೆಲಸಕ್ಕೆ ಹೆದರಿ ತಾವಾಗಿಯೇ ಬಿಟ್ಟು ಓಡಿದರು. (ಅವರಿಗೆ ಶಾಲು ಹೊದಿಸಲಿಲ್ಲ.) ಚಿಕ್ಕಮಾದಮ್ಮ ಸೂಪರ್‌ವೈಸರ್ ಆದಳು. ಆರ್ಡರುಗಳು ಹೆಚ್ಚಿ, ಸ್ಟೋರಿಗೆ ಒಬ್ಬ ಸಹಾಯಕ ಬೇಕೆಂಬ ಪ್ರಕಟಣೆ ಹೊರಬಿತ್ತು.

ಸಂಪತ್ ಕುಮಾರ ಅಂದು ಸಂಜೆ ಹೆಂಡತಿಗೆ ಕೇಳದೆಯೇ ಕಾಫಿ ಮಾಡಿ ಕೊಟ್ಟ. ಡಿಕಾಕ್ಷನ್ ಗಟ್ಟಿಯಾಗಿತ್ತು.

"ಶ್ರೀಮತಿ, ಆ ಸಹಾಯಕನ ಜಾಗ... ನೀನು ಪ್ರಿಯಂವದಾಗೆ ಒಂದು ಮಾತು ಹೇಳಿದ್ರೆ..."

"ಛೆ ಛೆ, ಆಗಲ್ಲ ರೀ. ಇನ್ನು ಮೇಲೆ ಅಲ್ಲಿ ಕೆಲಸ ಮಾಡೋರ ಸಂಬಂಧಿಕರನ್ನ ತಗೋಬಾರ್ದು ಅಂತ ನಿಯಮ ಬಂದಿದೆ."

"ಯಾರು ಮಾಡಿದ್ದು ಆ ನಿಯಮ?"

"ನಾನೇ," ಎಂದಳು ಶ್ರೀಮತಿ, ಲೋಟ ಕೆಳಗಿಡುತ್ತ. "ಸಕ್ಕರೆ ಸ್ವಲ್ಪ ಮುಂದಾಯ್ತು."

ಆದರೆ ಹೆಂಡತಿಯ ಕೃಪೆಯಿಲ್ಲದೆ, ಕೇವಲ ಯೋಗ್ಯತೆಯಿಂದಲೇ ಆ ಕೆಲಸ ಗಿಟ್ಟಿಸುತ್ತೇನೆಂದು ಸಂಪತ್ ಕುಮಾರ ಹಟ ಹಿಡಿದ. ಬುಧವಾರ ಅವಳು ರೈಲಿಗೆ ಹೋದ ಮೇಲೆ, ಗುಟ್ಟಾಗಿ ಬಸ್ಸು ಹತ್ತಿ ಮದ್ದೂರಿಗೆ ಹೋದ. ಗೇಟಿನಲ್ಲಿ ಹದಿನೇಳು ಜನರ ಸಾಲಿತ್ತು. ಹದಿನೆಂಟನೆಯವನಾಗಿ ನಿಂತ. ಒಂದು ಫಾರಂ ಕೊಟ್ಟರು. ಹೆಸರು, ವಯಸ್ಸು, ಅನುಭವ ಎಲ್ಲವನ್ನೂ ಸೊಗಸಾಗಿ ತುಂಬಿದ. ಕೊನೆಯ ಸಾಲಿಗೆ ಬಂದು ಪೆನ್ನು ನಿಂತಿತು: 'ಈ ಸಂಸ್ಥೆಯಲ್ಲಿ ತಮ್ಮ ಸಂಬಂಧಿಕರು ಯಾರಾದರೂ ಇದ್ದಾರೆಯೇ?' ಆ ಕಡೆ ಈ ಕಡೆ ನೋಡಿ, ಸಣ್ಣ ಅಕ್ಷರದಲ್ಲಿ 'ಇಲ್ಲ' ಎಂದು ಬರೆದ.

ಒಳಗೆ ಮೇಜಿನ ಹಿಂದೆ ಮೂವರಿದ್ದರು. ಒಂದು ಕಡೆ ಪ್ರಿಯಂವದಾ, ಇನ್ನೊಂದು ಕಡೆ ಚಿಕ್ಕಮಾದಮ್ಮ, ನಡುವೆ ಶ್ರೀಮತಿ. ಅವಳು ಗಂಡನನ್ನು ನೋಡಿ ಬೆಚ್ಚಲಿಲ್ಲ, ನಗಲಿಲ್ಲ. ಕೂತ್ಕೊಳ್ಳಿ ಎಂದಳು. ಫಾರಂ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಅನುಭವ ಚೆನ್ನಾಗಿದೆ. ಸಂಬಂಧಿಕರು ಯಾರೂ ಇಲ್ಲ ಅಂತ ಬರೆದಿದ್ದೀರಿ."

"ಹೌದು... ಮೇಡಂ."

"ಹೌದಾ? ಹಾಗಾದ್ರೆ ಸಂಜೆ ಯಾರ ಮನೆಗೆ ಹೋಗ್ತೀರಿ?"

ಪ್ರಿಯಂವದಾ ಕರ್ಚೀಫು ಬಾಯಿಗೆ ಅಡ್ಡ ಹಿಡಿದಳು. ಚಿಕ್ಕಮಾದಮ್ಮನಿಗೆ ಅಂಥ ಸಂಕೋಚವೇನಿರಲಿಲ್ಲ, ಮೇಜು ಕುಟ್ಟಿ ನಕ್ಕಳು. "ಎಂಡ್ತಿ ಇಲ್ಲ ಅಂತ ಬರ್ಕೊಡಿ ಸಾಮಿ, ಬರ್ಕೊಡಿ, ಇವತ್ತೇ ಬುಡ್ಗಡೆ ಆಗೋಯ್ತದೆ!"

ಸಂಪತ್ ಕುಮಾರ ತೆಪ್ಪಗೆ ಪೆನ್ನು ತೆಗೆದು 'ಇಲ್ಲ' ಎಂಬುದನ್ನು ಹೊಡೆದುಹಾಕಿ 'ಇದ್ದಾರೆ' ಎಂದು ಬರೆದ.

"ಸಂಬಂಧ?"

"ಹೆಂಡತಿ."

"ಹಾಗಿದ್ರೆ ನಿಯಮದ ಪ್ರಕಾರ ಆಗೋದಿಲ್ಲ," ಎಂದಳು ಶ್ರೀಮತಿ. ಫಾರಂ ಮಡಚಿ ಅವನ ಕೈಗೆ ಕೊಡುವಾಗ ದನಿ ತಗ್ಗಿಸಿದಳು. "ಬಿಸಿಲಲ್ಲಿ ಬಂದಿದ್ದೀರಿ, ಕ್ಯಾಂಟೀನಲ್ಲಿ ಮಜ್ಜಿಗೆ ಕುಡಿದು ಹೋಗಿ. ನನ್ನ ಹೆಸರು ಹೇಳಿ." ಮತ್ತೆ ದನಿ ಏರಿಸಿದಳು. "ಮುಂದಿನವರು!"

ಹೊರಗೆ, ಅವನ ಹಿಂದೆ ಸಾಲಿಗೆ ಬಂದು ನಿಂತಿದ್ದ ನಲವತ್ತು ದಾಟಿದ ಗೃಹಸ್ಥನೊಬ್ಬ ಕಾತರದಿಂದ ತೋಳು ಹಿಡಿದುಕೊಂಡ.

"ಏನ್ ಸಾರ್ ಕೇಳ್ತಾರೆ ಒಳ್ಗೆ? ಭಾರಿ ಕಷ್ಟವಾ?"

"ಪ್ರಶ್ನೆ ಒಂದೇ ಕಣಪ್ಪಾ," ಎಂದ ಸಂಪತ್ ಕುಮಾರ, ಕ್ಯಾಂಟೀನಿನ ಕಡೆ ಹೆಜ್ಜೆ ಹಾಕುತ್ತ. "ಸರಿಯಾದ ಉತ್ತರ ಬರೆದ್ರೆ ಕೆಲಸ ಸಿಗಲ್ಲ. ತಪ್ಪು ಉತ್ತರ ಬರೆದ್ರೆ ಊಟ ಸಿಗಲ್ಲ."